ಓದುಗರ ಪ್ರಶ್ನೆ, ನಮ್ಮ ಉತ್ತರ: ತಿಪಟೂರಿನ ನರಸಿಂಹರಾಜು

ಕಳೆದ ಸಂಚಿಕೆಯಲ್ಲಿ ಹಾಸ್ಯನಟ ನರಸಿಂಹರಾಜು ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು ನಮ್ಮ ತುಮಕೂರು ಜಿಲ್ಲೆಯವರು, ತಿಪಟೂರಿನ ಮಗ ಅನ್ನೋದು ಇಲ್ಲಿಯವರಿಗೇ ಮರೆತುಹೋಗುತ್ತಿದೆ ಅಂತ. ಅಷ್ಟಕ್ಕೇ ಇಷ್ಟು ಕಾಗದ ಬಂದಿವೆ. ತಿಪಟೂರು, ಗುಬ್ಬಿ, ಶಿರಾದಿಂದ ಬಂದಿದ್ದು ಸರಿ, ಕೋಲಾರ, ಚಿಂತಾಮಣಿಯಿಂದಲೂ ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇಡೀ ಪುಟ ಅವರಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಅಣ್ಣಾ, ನಾನು ಡಿಗ್ರಿ ಎರಡನೇ ವರ್ಷ. ನರಸಿಂಹರಾಜು ನಮ್ಮೂರಿನವರು ಅಂತ ತಾತ ಹೇಳಿದಾಗ ತುಂಬಾ ಖುಷಿ ಆಯ್ತು. ಗೆಳೆಯರಿಗೆ ಹೇಳಿದರೆ ‘ಓ, ಆ ಹಲ್ಲಿನವರಾ?’ ಅಂತಾರೆ. ಅವರ ಹಾಸ್ಯ ನಿಜವಾಗ್ಲೂ ಹಲ್ಲಿನಿಂದಲೇ ಬಂದಿದ್ದಾ?
(ವಿದ್ಯಾರ್ಥಿ, ತಿಪಟೂರು)

ಉತ್ತರ: ಇಲ್ಲ ತಮ್ಮಾ. ನಿನ್ನ ಪ್ರಶ್ನೆ ಓದಿ ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ನಿನ್ನ ಮೇಲಲ್ಲ, ನಾವೆಲ್ಲ ಅವರನ್ನು ಒಂದು ಫೋಟೋಗೆ ಇಳಿಸಿಬಿಟ್ಟಿದ್ದೇವಲ್ಲ ಅಂತ. ಸಣ್ಣ ದೇಹ, ಉಬ್ಬುಹಲ್ಲು, ಅಗಲ ನಗು, ಇದಿಷ್ಟೇ ಈಗ ಎಲ್ಲರಿಗೂ ಗೊತ್ತು. ಉಬ್ಬುಹಲ್ಲಿನವರು ನಮ್ಮ ಊರೂರಲ್ಲೂ ಇದ್ದಾರೆ. ಅವರನ್ನು ನೋಡಿ ಯಾರೂ ಎರಡೂವರೆ ಗಂಟೆ ಟೆಂಟ್‌ನಲ್ಲಿ ಕೂರೋದಿಲ್ಲ. ಹಲ್ಲು ನೋಡಿ ಜನ ಒಂದು ಸಲ ನಗಬಹುದು. ಎರಡನೇ ಸಲ ನಗಬೇಕಾದರೆ ಕೆಲಸ ಗೊತ್ತಿರಬೇಕು.

ಆ ಕೆಲಸ ಅವರು ಕಲಿತಿದ್ದು ನಾಟಕ ಕಂಪನಿಯಲ್ಲಿ. ಹುಟ್ಟಿದ್ದು 1923ರಲ್ಲಿ. ಅಕ್ಷರ ಕಲಿಯುವ ವಯಸ್ಸಿಗೇ ಮುಖಕ್ಕೆ ಬಣ್ಣ ಬಿತ್ತು. ಸಿನಿಮಾಗೆ ಬಂದಿದ್ದು 1954ರಲ್ಲಿ. ಲೆಕ್ಕ ಹಾಕಿ ನೋಡು, ಕ್ಯಾಮೆರಾ ಎದುರು ನಿಲ್ಲುವ ಹೊತ್ತಿಗೆ ಮೂವತ್ತು ದಾಟಿತ್ತು, ಅದರಲ್ಲಿ ಎಷ್ಟೋ ವರ್ಷ ಊರಿಂದ ಊರಿಗೆ ಗಾಡಿ, ರೈಲು, ಲಾರಿಯಲ್ಲಿ ತಿರುಗಿದ ಕಂಪನಿ ಬದುಕು. ನಾವು ಅವರನ್ನು ಸಿನಿಮಾದವರು ಅಂತೀವಿ. ಆದರೆ ಅರ್ಧ ಆಯಸ್ಸು ಕಳೆದ ಮೇಲೆ ಅವರು ಸಿನಿಮಾದವರಾಗಿದ್ದು.

ಕಂಪನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ಏನು ಗೊತ್ತಾ? ಜನರನ್ನು ನಗಿಸೋದು ಅಂತ ಎಲ್ಲರೂ ಹೇಳ್ತಾರೆ. ಅದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಇರುತ್ತಿತ್ತು. ಅರಮನೆ ಸೀನ್ ಮುಗಿದು ಕಾಡೋ ರಣರಂಗವೋ ಬರಬೇಕಾದರೆ ಹಿಂದೆ ಪರದೆ, ಕಂಬ, ಸಿಂಹಾಸನ ಎಲ್ಲ ಎತ್ತಿ ಬೇರೆಯದು ನಿಲ್ಲಿಸಬೇಕು. ಅಷ್ಟು ಹೊತ್ತು ಮುಂದಿನ ಪರದೆ ಬಿಟ್ಟು, ಅದರ ಮುಂದಿನ ಎರಡು ಮೂರು ಅಡಿ ಜಾಗದಲ್ಲಿ ಹಾಸ್ಯಗಾರನನ್ನು ನಿಲ್ಲಿಸುತ್ತಿದ್ದರು. ಹಿಂದೆ ಕೆಲಸ ಬೇಗ ಮುಗಿದರೆ ಅವನು ಚುಟುಕಾಗಿ ಮುಗಿಸಬೇಕು. ತಡವಾದರೆ ಎಳೀಬೇಕು. ಜನ ಎದ್ದು ಹೋಗದ ಹಾಗೆ ಎಳೀಬೇಕು.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮೂರು ಗುಬ್ಬಿ ತಾಲ್ಲೂಕು. ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಇಟ್ಟಿದ್ದರು. ಸೀನರಿ ತುಮಕೂರಿಂದ ಲಾರಿಯಲ್ಲಿ ಬಂದಿತ್ತು, ಹಾರ್ಮೋನಿಯಂಗೆ ನಾಟಕದ ಮೇಷ್ಟ್ರು, ಪಾತ್ರಧಾರಿಗಳೆಲ್ಲ ನಮ್ಮೂರವರೇ. ರಾತ್ರಿ ಎರಡು ಗಂಟೆ ಸುಮಾರಿಗೆ ರಥದ ಗಾಲಿ ಕೂರಲಿಲ್ಲ. ಹಿಂದೆ ನಾಲ್ಕು ಜನ ಒದ್ದಾಡುತ್ತಿದ್ದಾರೆ. ಮೇಷ್ಟ್ರು ಸೈಡ್ ವಿಂಗ್ ಕಡೆ ತಿರುಗಿ ಕಣ್ಣಲ್ಲೇ ಹೇಳಿದರು. ದ್ವಾರಪಾಲಕನ ಪಾತ್ರದವರು ಈಟಿ ಹಿಡಿದು ಮುಂದೆ ಬಂದರು. ಅವರು ನಮ್ಮೂರಿನ ಟೈಲರ್. ಬಂದವರು ಒಂದೂ ಮಾತಾಡಲಿಲ್ಲ. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಮತ್ತೆ ಎಡಕ್ಕೆ. ಮುಂದೆ ಚಾಪೆ ಮೇಲೆ ಕೂತಿದ್ದ ಒಂದು ಮಗು ಕಿಸಕ್ಕನೆ ನಕ್ಕಿತು. ತಟ್ಟನೆ ಅದರ ಕಡೆ ಬಗ್ಗಿ, ‘ಯಾರು ನಕ್ಕಿದ್ದು? ದೊರೆಗಳು ಮಲಗಿದ್ದಾರೆ’ ಅಂದರು. ಇಡೀ ಬಯಲು ನಕ್ಕಿತು. ಅವರು ಸುಮ್ಮನೆ ನಿಂತರು. ನಗು ಇಳಿಯುತ್ತಾ ಬಂತು, ಪೂರ್ತಿ ಇಳಿಯೋಕೆ ಮುಂಚೆ, ಬೆರಳು ತುಟಿಗಿಟ್ಟು ‘ನಗಿ, ಮೆಲ್ಲಗೆ ನಗಿ’ ಅಂದರು. ಮತ್ತೆ ಎದ್ದಿತು ನಗು, ಮೊದಲಿಗಿಂತ ಜಾಸ್ತಿ. ಹೀಗೇ ಹತ್ತು ನಿಮಿಷ. ರಥ ಬಂತು, ಕೃಷ್ಣಾರ್ಜುನರು ಬಂದರು, ಇವರು ಈಟಿ ಹೆಗಲಿಗೇರಿಸಿ ಒಳಗೆ ಹೋದರು.

ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕೂತಿದ್ದರು. ಹೆಂಗೆ ಮಾಡಿದಿರಿ ಅಂತ ಕೇಳಿದೆ. ‘ನಗು ಏಳುವಾಗ ಬಾಯಿ ಮುಚ್ಕೋಬೇಕು, ಇಳಿಯುವಾಗ ತೆಗೀಬೇಕು, ಪೂರ್ತಿ ಇಳಿದ ಮೇಲೆ ತೆಗೆದರೆ ಕೆಟ್ಟೆ’ ಅಂದರು. ಆ ಮಾತು ನಾನು ಮರೆತಿಲ್ಲ.

ಈಗ ನರಸಿಂಹರಾಜು ಅವರ ಯಾವುದಾದರೂ ಹಳೆ ಸಿನಿಮಾ ಹಾಕಿ, ಅವರ ಮಾತಿನ ಮಧ್ಯದ ಬಿಡುವು ಗಮನಿಸು. ಶೂಟಿಂಗ್‌ನಲ್ಲಿ ಎದುರಿಗೆ ಜನ ಇರುವುದಿಲ್ಲ. ಯಾರೂ ನಗೋದಿಲ್ಲ, ನಕ್ಕರೆ ಟೇಕ್ ಹಾಳು. ಆ ನಿಶ್ಶಬ್ದದಲ್ಲೂ ಅವರು ಒಂದು ಮಾತು ಆಡಿ, ಎಷ್ಟು ಬೇಕೋ ಅಷ್ಟೇ ನಿಲ್ಲುತ್ತಾರೆ, ಆಮೇಲೆ ಮುಂದಿನದು. ತಿಂಗಳುಗಳಾದ ಮೇಲೆ ಯಾವುದೋ ಊರಿನ ಟೆಂಟ್‌ನಲ್ಲಿ ಜನ ನಗುವ ಹೊತ್ತಿಗೆ ಸರಿಯಾಗಿ ಆ ಜಾಗ ಖಾಲಿ ಇರುತ್ತದೆ. ಇನ್ನೂ ಬಾರದ ನಗು ಅವರ ಕಿವಿಗೆ ಮೊದಲೇ ಕೇಳುತ್ತಿತ್ತು ಅನಿಸುತ್ತದೆ ನನಗೆ. ಗೆಳೆಯರು ಇನ್ನೊಂದು ಸಲ ಹಲ್ಲಿನ ಮಾತೆತ್ತಿದರೆ, ಆ ಕಿವಿಯ ವಿಷಯ ಹೇಳು.

ಪ್ರಶ್ನೆ: ಗುಬ್ಬಿ ವೀರಣ್ಣನವರಿಗೂ ನರಸಿಂಹರಾಜು ಅವರಿಗೂ ಏನು ನಂಟು? ನಮ್ಮ ಶಾಲೆ ಮಕ್ಕಳಿಗೆ ಹೇಳಬೇಕು, ಸ್ವಲ್ಪ ವಿವರವಾಗಿ ತಿಳಿಸಿ.
(ಶಿಕ್ಷಕಿ, ಗುಬ್ಬಿ)

ಉತ್ತರ: ಮೇಡಂ, ಮಕ್ಕಳಿಗೆ ಮೊದಲು ರೈಲಿನ ಕಥೆ ಹೇಳಿ. ತುಮಕೂರಿಂದ ಅರಸೀಕೆರೆ ಕಡೆ ಹೋಗುವ ರೈಲು ಹತ್ತಿದರೆ ಗುಬ್ಬಿ ಬರುತ್ತದೆ, ವೀರಣ್ಣನವರ ಊರು. ಮುಂದೆ ಬಾಣಸಂದ್ರ, ಅಲ್ಲಿ ಇಳಿದರೆ ತುರುವೇಕೆರೆ ಕಡೆಗೆ ದಾರಿ, ಅದು ಜಗ್ಗೇಶ್ ಅವರ ತಾಲ್ಲೂಕು. ಮುಂದೆ ತಿಪಟೂರು, ನರಸಿಂಹರಾಜು. ಆಮೇಲೆ ಅರಸೀಕೆರೆ, ಅಲ್ಲಿಯವರು ಬಾಲಕೃಷ್ಣ, ನಮ್ಮೆಲ್ಲರ ಬಾಲಣ್ಣ. ಒಂದೇ ಹಳಿಯ ಮೇಲೆ ಕನ್ನಡದ ಅರ್ಧ ನಗು ಇದೆ. ಆ ರೈಲಿನಲ್ಲಿ ಹೋಗುವಾಗಲೆಲ್ಲ ಇದು ನೆನಪಾಗಿ ನನಗೆ ಎದೆ ಉಬ್ಬುತ್ತದೆ.

ಇನ್ನು ನಂಟಿನ ವಿಷಯ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಚನ್ನಬಸವೇಶ್ವರ ಸ್ವಾಮಿ ಹೆಸರಲ್ಲಿ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಂದರೆ ಕಂಪನಿ ಅವರಿಗಿಂತ ದೊಡ್ಡದು. ಹುಡುಗನಾಗಿ ಸೇರಿದವರು 1917ರಲ್ಲಿ ಅದರ ಹೊಣೆಯನ್ನೇ ಹೊತ್ತರು. ಮಕ್ಕಳಿಗೆ ತಪ್ಪದೇ ಹೇಳಬೇಕಾದ ಮಾತು ಇದು: ಅಷ್ಟು ದೊಡ್ಡ ಕಂಪನಿಯ ಮಾಲೀಕರು ರಂಗದ ಮೇಲೆ ರಾಜನಾಗಿ ಮೆರೆಯಬಹುದಿತ್ತು, ಆದರೆ ಹೆಸರು ಮಾಡಿದ್ದು ಹಾಸ್ಯಗಾರನಾಗಿ. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. 1935ರಲ್ಲಿ ಆ ನಾಟಕ ಸಿನಿಮಾನೂ ಆಯ್ತು. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತರಿಸಿದವರು ಅವರು. ಯಜಮಾನನೇ ಹಾಸ್ಯಗಾರನಾಗಿದ್ದ ಕಡೆ ಹಾಸ್ಯಕ್ಕೆ ಮರ್ಯಾದೆ ಇರುತ್ತದೆ, ಅಲ್ವಾ? ಹಾಸ್ಯದವನು ಅಂದರೆ ಕೊನೆಯ ಸಾಲಿನವನು ಅನ್ನುವ ಭಾವ ಅಲ್ಲಿ ಬೆಳೆಯೋಕೆ ಸಾಧ್ಯ ಇರಲಿಲ್ಲ.

ನರಸಿಂಹರಾಜು ಒಂದಕ್ಕಿಂತ ಹೆಚ್ಚು ಕಂಪನಿಗಳಲ್ಲಿ ದುಡಿದವರು, ಗುಬ್ಬಿ ಕಂಪನಿಯೂ ಅದರಲ್ಲೊಂದು. ರಾಜ್‌ಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಜಿ.ವಿ. ಅಯ್ಯರ್, ಆಮೇಲೆ ಬಿ.ವಿ. ಕಾರಂತ, ಎಲ್ಲರೂ ಆ ಅಂಗಳದಲ್ಲಿ ಓಡಾಡಿದವರೇ. ವೀರಣ್ಣನವರಿಗೆ ಪದ್ಮಶ್ರೀ ಬಂದಿದ್ದು 1972ರಲ್ಲಿ, ಅದೇ ವರ್ಷ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಮಕ್ಕಳನ್ನು ಅಲ್ಲಿಗೆ ಒಂದು ನಾಟಕಕ್ಕೆ ಕರೆದುಕೊಂಡು ಬನ್ನಿ, ಹೆಸರು ಯಾರದು ಅಂತ ಬಾಗಿಲಲ್ಲೇ ನಿಂತು ಹೇಳಿ.

ಪ್ರಶ್ನೆ: ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರ ಮೊದಲ ಸಿನಿಮಾ ಅಂತ ಗೊತ್ತು. ನರಸಿಂಹರಾಜು ಅವರಿಗೂ ಅದೇ ಮೊದಲಾ?
(ಓದುಗ, ಶಿರಾ)

ಉತ್ತರ: ಹೌದು. 1954, ನಿರ್ದೇಶನ ಎಚ್.ಎಲ್.ಎನ್. ಸಿಂಹ. ರಾಜ್‌ಕುಮಾರ್ ನಾಯಕನಾದ ಮೊದಲ ಸಿನಿಮಾ ಅದು, ನರಸಿಂಹರಾಜು ಅವರಿಗೂ ಅದೇ ದಾರಿ ತೆರೆಯಿತು. ಅಯ್ಯರ್ ಕೂಡ ಅದರಲ್ಲಿದ್ದರು. ನರಸಿಂಹರಾಜು ಅವರದು ಅರ್ಚಕರ ಮಗ ಕಾಶಿಯ ಪಾತ್ರ. ಶಿವ, ಭಕ್ತಿ, ಕಣ್ಣು ಕಿತ್ತು ಕೊಡುವ ಕಥೆ, ಅಂಥ ಸಿನಿಮಾದಲ್ಲಿ ನಗು ಸೇರಿಸೋದು ಸುಲಭ ಅಲ್ಲ. ಸ್ವಲ್ಪ ಜಾಸ್ತಿಯಾದರೂ ಭಕ್ತಿ ಕೆಡುತ್ತದೆ. ಕೆಡಲಿಲ್ಲ.

ಪ್ರಶ್ನೆ: ನಮ್ಮ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಅಪ್ಪನಿಗೆ ರೇಲಂಗಿ ಅಂದರೆ ಪ್ರಾಣ, ಅವರಂಥ ಹಾಸ್ಯನಟ ಇಲ್ಲ ಅಂತಾರೆ. ನರಸಿಂಹರಾಜು ಅವರ ಒಂದೇ ಒಂದು ಪಾತ್ರ ಅಪ್ಪನಿಗೆ ತೋರಿಸಬೇಕು ಅಂದರೆ ಯಾವುದು ತೋರಿಸಲಿ ಸರ್?
(ರೇಷ್ಮೆ ಬೆಳೆಗಾರರ ಮಗ, ಚಿಂತಾಮಣಿ)

ಉತ್ತರ: ರೇಲಂಗಿ ದೊಡ್ಡವರು, ಅಪ್ಪನ ಜೊತೆ ಆ ವಿಷಯಕ್ಕೆ ಜಗಳ ಬೇಡ. ‘ಸತ್ಯ ಹರಿಶ್ಚಂದ್ರ’ ತೋರಿಸಿ. 1965ರದು, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರೀಬಾಯಿ ಚಂದ್ರಮತಿ. ಅದೇ ವರ್ಷ ತೆಲುಗಿನಲ್ಲೂ ಹರಿಶ್ಚಂದ್ರ ಬಂತು, ಅದರಲ್ಲಿ ಎನ್.ಟಿ. ರಾಮರಾವ್. ಅಪ್ಪ ಅದನ್ನು ನೋಡಿಯೇ ಇರುತ್ತಾರೆ, ಹಾಗಾಗಿ ಕಥೆ ಹೇಳುವ ಕೆಲಸ ಇಲ್ಲ.

ನರಸಿಂಹರಾಜು ಇದರಲ್ಲಿ ನಕ್ಷತ್ರಿಕ. ವಿಶ್ವಾಮಿತ್ರರ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿದವನು. ನಮ್ಮ ಎರಡೂ ಭಾಷೆಯಲ್ಲಿ ಅವನ ಹೆಸರು ಬೈಗುಳವೇ ಆಗಿಬಿಟ್ಟಿದೆ. ಬಿಡದೆ ಕಾಡುವವರನ್ನು ಕಂಡರೆ ‘ನಕ್ಷತ್ರಿಕನ ಹಾಗೆ ಅಂಟಿಕೊಂಡಿದ್ದಾನೆ’ ಅಂತೀವಲ್ಲ, ಅವನೇ. ರಾಜ್ಯ ಹೋಯಿತು, ಕಾಲಲ್ಲಿ ಚಪ್ಪಲಿ ಇಲ್ಲ, ಜೊತೆಗೆ ಹೆಂಡತಿ, ಎಳೆ ಮಗು. ಆ ಸ್ಥಿತಿಯಲ್ಲಿ ಇರುವವರ ಹಿಂದೆ ದುಡ್ಡು ಕೊಡು ದುಡ್ಡು ಕೊಡು ಅಂತ ಒಬ್ಬ ಹೋಗಬೇಕು, ಅವನನ್ನು ನೋಡಿ ಜನ ನಗಬೇಕು. ಯೋಚನೆ ಮಾಡಿ, ಎಷ್ಟು ಕಷ್ಟದ ಪಾತ್ರ! ಕ್ರೂರವಾಗಿ ಮಾಡಿದರೆ ಜನ ಎದ್ದು ಹೊಡೆಯೋಕೆ ಹೋಗುತ್ತಾರೆ. ಬರೀ ತಮಾಷೆ ಮಾಡಿದರೆ ಹರಿಶ್ಚಂದ್ರನ ಸಂಕಟ ಹಗುರಾಗುತ್ತದೆ. ಎರಡೂ ಆಗದ ಹಾಗೆ ನಡುವೆ ಒಂದು ದಾರಿ ಇದೆ, ಅವರು ಆ ದಾರಿಯಲ್ಲಿ ನಡೆದರು.

ನಮ್ಮಮ್ಮನ ಜೊತೆ ಕೂತು ಇದನ್ನು ನೋಡಿದ್ದು ನೆನಪಿದೆ. ನಕ್ಷತ್ರಿಕ ಬಂದಾಗೆಲ್ಲ ಅಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅದೇ ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದಾಳೆ. ಯಾವಾಗ ನಗು ನಿಂತಿತು, ಯಾವಾಗ ಅಳು ಬಂತು, ಅವಳಿಗೇ ತಿಳಿದಿರಲಿಲ್ಲ. ಹಾಸ್ಯನಟ ಅಂದರೆ ನಟನಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವವರನ್ನು ಅವತ್ತು ನಮ್ಮಮ್ಮನ ಪಕ್ಕ ಕೂರಿಸಬೇಕಿತ್ತು.

ಇನ್ನೊಂದು ಒಳ್ಳೆ ಸುದ್ದಿ. ಕಪ್ಪು ಬಿಳುಪಿನ ಆ ಸಿನಿಮಾಗೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದರು. ಮನೆಯಲ್ಲಿ ಮಕ್ಕಳಿದ್ದರೆ ಬಣ್ಣದ್ದು ಹಾಕಿ. ನನಗೆ ಕೇಳಿದರೆ ಕಪ್ಪು ಬಿಳುಪಿನದೇ ಇಷ್ಟ, ಸ್ಮಶಾನದ ಸೀನ್‌ಗೆ ಬಣ್ಣ ಬೇಕಿಲ್ಲ.

ಪ್ರಶ್ನೆ: ಹಾಸ್ಯನಟರು ಯಾವಾಗಲೂ ಹೀರೋ ಪಕ್ಕದಲ್ಲೇ ಇರಬೇಕಾ? ನರಸಿಂಹರಾಜು ಅವರಿಗೆ ಹೀರೋ ಆಗುವ ಆಸೆ ಇರಲಿಲ್ವಾ? ಅವರನ್ನು ನೋಡಿದಾಗೆಲ್ಲ ನನಗೆ ಪಾಪ ಅನಿಸುತ್ತೆ.
(ಗೃಹಿಣಿ, ತುಮಕೂರು)

ಉತ್ತರ: ಪಾಪ ಅನ್ನೋದು ಬೇಡ ಅಮ್ಮಾ. ಅವರ ಕಾಲ್‌ಷೀಟ್ ಸಿಕ್ಕ ಮೇಲೆಯೇ ಉಳಿದವರ ಕಾಲ್‌ಷೀಟ್ ನೋಡುತ್ತಿದ್ದ ಕಾಲ ಇತ್ತು ಅಂತ ಹಳಬರು ಈಗಲೂ ಹೇಳುತ್ತಾರೆ. ಪೋಸ್ಟರ್ ಮೇಲೆ ಅವರ ಮುಖ ಇದ್ದರೆ ಹಂಚಿಕೆದಾರರಿಗೆ ಧೈರ್ಯ. 25 ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಸಿನಿಮಾ. ಅಂದರೆ ವರ್ಷಕ್ಕೆ ಎಂಟರಂತೆ, ಬಿಡುವಿಲ್ಲದೆ.

ಮುಖ್ಯ ಪಾತ್ರವೂ ಮಾಡಿದ್ದಾರೆ. 1967ರ ‘ನಕ್ಕರೆ ಅದೇ ಸ್ವರ್ಗ’ ನೋಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದು ಆ ಸಿನಿಮಾಗೆ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಅಂತ ಸ್ವಂತ ಸಿನಿಮಾ ತೆಗೆದು ಆ ಪಾತ್ರ ತಾವೇ ಮಾಡಿದರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ಅವರು ತೆನಾಲಿ ರಾಮಕೃಷ್ಣ. ಅಲ್ಲಿ ಎಗರಾಟ, ಬೀಳಾಟ ಇಲ್ಲ, ಬುದ್ಧಿಯ ನಗು. ಹಲ್ಲು ಅಲ್ಲೂ ಅವೇ, ಮನುಷ್ಯ ಮಾತ್ರ ಬೇರೆ. ಎಂ.ಎನ್. ಲಕ್ಷ್ಮೀದೇವಿ ಅವರ ಜೊತೆ ಇದ್ದಾಗಲಂತೂ ಎದುರಿನವರ ಮಾತಿಗೂ ಜಾಗ ಬಿಟ್ಟುಕೊಡುತ್ತಿದ್ದರು. ಬಾಲಣ್ಣನ ಜೊತೆಗೂ ಹಾಗೇ. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದರು. ಅವರಿಬ್ಬರ ಸೀನ್ ನೋಡುವಾಗ ಅದು ಗೊತ್ತೇ ಆಗೋದಿಲ್ಲ. ಅಷ್ಟು ಹೊಂದಿಕೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆಗ ಕನ್ನಡ ಸಿನಿಮಾ ಮದ್ರಾಸಿನಲ್ಲಿ ತಯಾರಾಗುತ್ತಿತ್ತು, ವರ್ಷಕ್ಕೆ ಬೆರಳೆಣಿಕೆಯಷ್ಟು. ಕೆಲಸ ಇಲ್ಲದೆ ಕಲಾವಿದರು ಕಂಗಾಲಾಗಿದ್ದ ಹೊತ್ತಿನಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿ ದುಡ್ಡು ಕೂಡಿಸಿದರು. ಅದರಿಂದ ‘ರಣಧೀರ ಕಂಠೀರವ’ ತೆಗೆದರು, 1960ರಲ್ಲಿ. ಸಿನಿಮಾದಲ್ಲಿ ಹೆಸರು ಬಂದ ಮೇಲೆ ಮತ್ತೆ ಲಾರಿ ಹತ್ತಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ಪರದೆ ಮುಂದೆ ನಿಲ್ಲೋದು ಸಣ್ಣ ಮಾತಾ? ಆ ನಾಲ್ವರಲ್ಲಿ ಇಬ್ಬರು ಹಾಸ್ಯನಟರು. ಕನ್ನಡ ಸಿನಿಮಾ ಕುಸಿಯದ ಹಾಗೆ ಹೆಗಲು ಕೊಟ್ಟವರನ್ನು ಹೀರೋ ಪಕ್ಕದವರು ಅಂತ ಕರೆಯೋಕೆ ನನಗೆ ಮನಸ್ಸು ಬರೋದಿಲ್ಲ.

1979ರ ಜುಲೈನಲ್ಲಿ ತೀರಿಕೊಂಡರು. 56 ತುಂಬಿರಲಿಲ್ಲ. ಆ ವಯಸ್ಸು ನೆನೆದರೆ ಮಾತ್ರ ನನಗೂ ಸಂಕಟ ಆಗುತ್ತದೆ.

ಪ್ರಶ್ನೆ: ಅಣ್ಣಾ, ನಾನು ಬೆಂಗಳೂರಲ್ಲಿ ಶನಿವಾರ ಭಾನುವಾರ ಸ್ಟ್ಯಾಂಡ್ ಅಪ್ ಕಾಮಿಡಿ ಮಾಡ್ತೀನಿ, ಕನ್ನಡದಲ್ಲೇ. ವಾರವೆಲ್ಲ ಕೆಲಸ, ಕೋಲಾರದಿಂದ ಓಡಾಟ. ಸಿನಿಮಾಗೆ ಹೋಗಬೇಕು ಅನ್ನೋದು ಆಸೆ. ಮನೆಯಲ್ಲಿ ಹುಚ್ಚು ಅಂತಾರೆ. ಕಾಮಿಡಿ ಮಾಡುವವರು ನಟರಾಗೋಕೆ ಆಗುತ್ತಾ?
(ಯುವಕ, ಕೋಲಾರ)

ಉತ್ತರ: ಆಗುತ್ತೆ ತಮ್ಮಾ. ನಿನ್ನ ಮುಂದೆ ನಡೆದುಹೋದವರ ಸಾಲು ನೋಡು. ಹುಣಸೂರಿನ ದ್ವಾರಕೀಶ್ ಕುಳ್ಳ ಅಂತಲೇ ಜನರ ಬಾಯಲ್ಲಿ ಉಳಿದವರು, ಆದರೆ ಎಷ್ಟು ಸಿನಿಮಾ ನಿರ್ಮಾಣ ಮಾಡಿದರು, ಎಷ್ಟು ಜನಕ್ಕೆ ಕೆಲಸ ಕೊಟ್ಟರು! ನಮ್ಮ ಜಗ್ಗೇಶ್ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿ, 1992ರಲ್ಲಿ ‘ಭಂಡ ನನ್ನ ಗಂಡ’, ‘ತರ್ಲೆ ನನ್ಮಗ’ ಬಂದ ಮೇಲೆ ಹೀರೋ ಆದರು. 2009ರ ‘ಎದ್ದೇಳು ಮಂಜುನಾಥ’ ನೋಡಿದ ಮೇಲೆ ಅವರು ಎಂಥ ನಟ ಅನ್ನೋದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಶರಣ್ 2012ರಲ್ಲಿ ‘ರ‍್ಯಾಂಬೋ’ ಮಾಡುವ ಹೊತ್ತಿಗೆ ಅದು ಅವರ ನೂರನೇ ಸಿನಿಮಾ. ತೊಂಬತ್ತೊಂಬತ್ತು ಸಿನಿಮಾ ಪಕ್ಕದಲ್ಲಿ ನಿಂತು ನೂರನೆಯದಕ್ಕೆ ನಡುವೆ ಬಂದರು. ಚಿಕ್ಕಣ್ಣ 2024ರಲ್ಲಿ ‘ಉಪಾಧ್ಯಕ್ಷ’ದಲ್ಲಿ ಹೀರೋ ಆದರು.

ಈಗ ನಿನ್ನ ಕೆಲಸದ ಮಾತು. ಮೈಕ್ ಹಿಡಿದು ಒಬ್ಬನೇ ನಿಂತು ನಗಿಸೋದು ದೊಡ್ಡ ವಿದ್ಯೆ. ನಗುವಿಗೆ ಕಾಯೋದು, ಜನ ಕೈ ಕೊಟ್ಟಾಗ ಮುಗ್ಗರಿಸದೆ ನಿಲ್ಲೋದು, ಇದು ನಿನಗೆ ಆಗಲೇ ಬಂದಿರುತ್ತದೆ. ಮೇಲೆ ಹೇಳಿದ ನಮ್ಮೂರಿನ ಟೈಲರ್ ಮಾಡಿದ್ದೂ ಅದೇ. ಆದರೆ ಸಿನಿಮಾದಲ್ಲಿ ಎದುರಿಗೆ ಇನ್ನೊಬ್ಬ ನಟ ಇರುತ್ತಾನೆ. ಅವನು ಮಾತಾಡುವಾಗ ನೀನು ಏನು ಮಾಡುತ್ತೀಯ ಅನ್ನೋದರಲ್ಲಿ ಇರುತ್ತದೆ ನಟನೆ. ಎಷ್ಟೋ ಹುಡುಗರು ಇಲ್ಲೇ ಸೋಲುತ್ತಾರೆ. ತಮ್ಮ ಮಾತು ಬರುವ ತನಕ ಸುಮ್ನೆ ಕಾಯುತ್ತಾ ನಿಂತಿರುತ್ತಾರೆ. ಮುಖದಲ್ಲಿ ಏನೂ ನಡೆಯುತ್ತಿರುವುದಿಲ್ಲ. ಕೇಳಿಸಿಕೊಳ್ಳೋದನ್ನು ಕಲಿ.

ಅದಕ್ಕೆ ನಾಟಕ ಬೇಕು. ಒಂದು ವರ್ಷ ಬಿಡುವು ಮಾಡಿಕೊಳ್ಳೋಕೆ ಆಗುವುದಾದರೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂನಲ್ಲಿ ರಂಗ ಶಿಕ್ಷಣ ಇದೆ, ಕೆ.ವಿ. ಸುಬ್ಬಣ್ಣನವರು ಕಟ್ಟಿದ ಜಾಗ. ಅಷ್ಟು ದೂರ, ಅಷ್ಟು ಕಾಲ ಆಗಲ್ಲ ಅಂದರೆ ಬೆಂಗಳೂರಿನ ಯಾವುದಾದರೂ ಹವ್ಯಾಸಿ ತಂಡ ಸೇರು. ಮೊದಲು ಕುರ್ಚಿ ಎತ್ತಿಡುವ ಕೆಲಸವೇ ಕೊಡುತ್ತಾರೆ, ಮಾಡು. ಇಲ್ಲಾ ನಿಮ್ಮ ಊರಿನ ಹಬ್ಬದ ನಾಟಕಕ್ಕೆ ಹೆಸರು ಕೊಡು. ದ್ವಾರಪಾಲಕನ ಪಾತ್ರ ಕೇಳು. ಬೆಳಗಿನ ಜಾವ ಮೂರು ಗಂಟೆಗೆ, ಅರ್ಧ ನಿದ್ದೆಯಲ್ಲಿರುವ ಐನೂರು ಜನರನ್ನು ಎಬ್ಬಿಸಿ ನಗಿಸಿದರೆ, ಯಾವ ಕ್ಯಾಮೆರಾಗೂ ನೀನು ಹೆದರೋದಿಲ್ಲ. ಕೆಲಸ ಮಾತ್ರ ಈಗಲೇ ಬಿಡಬೇಡ. ಮನೆಯವರ ಭಯಕ್ಕೂ ಕಾರಣ ಇದೆ, ಆ ಭಯ ನಿನ್ನ ಮೇಲಿನ ಪ್ರೀತಿ. ಮೊದಲ ನಾಟಕಕ್ಕೆ ಅವರನ್ನು ಮುಂದಿನ ಸಾಲಲ್ಲಿ ಕೂರಿಸು.

ಪ್ರಶ್ನೆ: ನನಗೆ ಈಗ 78 ವರ್ಷ. ಚಿಕ್ಕವನಿದ್ದಾಗ ನರಸಿಂಹರಾಜು ಸಿನಿಮಾಗಳನ್ನು ಟೆಂಟ್‌ನಲ್ಲಿ ನೋಡಿದ್ದೇನೆ. ನಿಮ್ಮ ಬರಹ ಓದಿ ಎಲ್ಲ ನೆನಪಾಯಿತು. ಮೊಮ್ಮಕ್ಕಳಿಗೆ ಹೇಳೋಣ ಅಂದರೆ ಅವರಿಗೆ ಪುರುಸೊತ್ತಿಲ್ಲ. ನಮ್ಮಂಥವರ ನೆನಪು ಇನ್ಯಾರಿಗೆ ಬೇಕು ಹೇಳಿ.
(ನಿವೃತ್ತ ರೈತ, ತುರುವೇಕೆರೆ ತಾಲ್ಲೂಕು)

ಉತ್ತರ: ನನಗೆ ಬೇಕು ಯಜಮಾನರೇ. ಕೈ ಮುಗಿದು ಕೇಳುತ್ತೇನೆ, ದಯವಿಟ್ಟು ಬರೆಯಿರಿ. ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನ’ ಬಂದಿದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ರೀಲೇ ಹೋದ ಮೇಲೆ ನೋಡಿದವರ ಮಾತು ಬಿಟ್ಟರೆ ಇನ್ನೇನಿದೆ? ಇನ್ನು ಕಂಪನಿ ನಾಟಕಗಳನ್ನಂತೂ ಯಾರೂ ಚಿತ್ರ ತೆಗೆದಿಡಲಿಲ್ಲ. ನರಸಿಂಹರಾಜು ಇಪ್ಪತ್ತರ ಹರೆಯದಲ್ಲಿ ಪರದೆ ಮುಂದೆ ಏನು ಮಾಡುತ್ತಿದ್ದರು ಅಂತ ನೋಡೋಕೆ ನನಗೆ ದಾರಿಯೇ ಇಲ್ಲ. ಅದನ್ನು ನೋಡಿದ ಕಣ್ಣುಗಳು ಹೆಚ್ಚು ಕಡಿಮೆ ಎಲ್ಲ ಮುಚ್ಚಿಹೋಗಿವೆ.

ಬರೆಯೋಕೆ ಕೈ ನಡುಗಿದರೆ ಮೊಮ್ಮಗನ ಫೋನ್‌ನಲ್ಲಿ ಹೇಳಿ, ಅವನು ರೆಕಾರ್ಡ್ ಮಾಡಿ ಕಳಿಸಲಿ, ನಾನು ಕೂತು ಬರೆದುಕೊಳ್ಳುತ್ತೇನೆ. ದೊಡ್ಡ ವಿಷಯ ಬೇಡ. ಟೆಂಟ್ ಯಾವ ಬಯಲಲ್ಲಿ ಹಾಕುತ್ತಿದ್ದರು? ನೆಲಕ್ಕೆ ಎಷ್ಟು ಕಾಸು, ಬೆಂಚಿಗೆ ಎಷ್ಟು? ‘ನಮೋ ವೆಂಕಟೇಶಾ’ ಹಾಡು ಕೇಳಿದ ತಕ್ಷಣ ಓಡಿ ಬರುತ್ತಿದ್ದಿರಾ? ಮುಂದೆ ಕೂತವರ ತಲೆ ಅಡ್ಡ ಬರುತ್ತದೆ ಅಂತ ಮರಳು ಗುಡ್ಡೆ ಮಾಡಿಕೊಂಡು ಕೂತಿದ್ದಿರಾ? ನರಸಿಂಹರಾಜು ಮೊದಲ ಸಲ ಪರದೆ ಮೇಲೆ ಬಂದಾಗ ಟೆಂಟ್‌ನಲ್ಲಿ ಏನಾಯಿತು, ಯಾವ ಮಾತಿಗೆ ಎಲ್ಲರಿಗಿಂತ ಮೊದಲು ಯಾರು ನಕ್ಕರು, ಮನೆಗೆ ನಡೆದು ಬರುವ ದಾರಿಯಲ್ಲಿ ಆ ಮಾತನ್ನು ಯಾರು ಅನುಕರಣೆ ಮಾಡಿ ತೋರಿಸಿದರು. ಇಷ್ಟು ಸಾಕು. ಎಷ್ಟೇ ಉದ್ದ ಇದ್ದರೂ ಪರವಾಗಿಲ್ಲ, ಮುಂದಿನ ಸಂಚಿಕೆಯಲ್ಲಿ ಈ ಪುಟ ನಿಮಗೆ ಖಾಲಿ ಇಟ್ಟಿರುತ್ತೇನೆ.